ಬೆಟ್ಟದ ಪೆಟ್ಟಿಗೆ ಮತ್ತು ನೆಲಮಾಳಿಗೆಯ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಅಕ್ಕ ಆಗಲೇ ತಮ್ಮ ಪೆಟ್ಟಿಗೆಗಳ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ. ಆಯಾಗಳಿಂದ ಸರ್ಜನ್‌ವರೆಗೆ ಎಲ್ಲರಿಗೂ ಇವರು ಅಕ್ಕನೇ. ದೂರದೂರದ ನಲವತ್ತು ದವಾಖಾನೆಗಳಲ್ಲಿ ಕೂತು, ಅವನ್ನು ಇಂಟರ್ನೆಟ್ ಲೈನಿನಲ್ಲಿ ಇಲ್ಲಿಗೆ ಬೆಸೆಯುವ ರೂಟರ್ ಪೆಟ್ಟಿಗೆಗಳೆಲ್ಲ ಇವರ ಸುಪರ್ದಿಯಲ್ಲಿವೆ.

ಕೂತಲ್ಲಿಂದಲೇ ಎಸ್‌ಎನ್‌ಎಂಪಿ ಎಂಬ ಭಾಷೆಯಲ್ಲಿ ಮೈಬಿಸಿ ಎಷ್ಟು, ಲೈನು ಹೇಗಿದೆ ಎಂದು ಕೇಳುತ್ತಾರೆ. ಯಾವ ಕಂಪನಿಯ ಪೆಟ್ಟಿಗೆಗಾದರೂ ಅದು ಅರ್ಥವಾಗುತ್ತದೆ. "ನನ್ನ ಮಕ್ಕಳನ್ನ ಹೇಗಿದ್ದೀರಾ ಅಂದ್ರೆ ಹ್ಞೂಂ ಅಂತಾರೆ, ಅಷ್ಟೇ. ಇವು ಜ್ವರ ಬಂದ್ರೆ ಡಿಗ್ರಿ ಸಮೇತ ಹೇಳ್ತವೆ" ಎನ್ನುತ್ತಾರೆ.

ಇವತ್ತು ಬೆಟ್ಟದ ದವಾಖಾನೆಯ ಪೆಟ್ಟಿಗೆ ಕೇಳುವ ಮೊದಲೇ ಕೂಗಿಕೊಂಡಿದೆ. ಅದರ ಮುಖ್ಯ ಲೈನು ಕುಂಟುತ್ತಿದೆ. ಅಲ್ಲಿ ಹಸುಗೂಸೊಂದು ನೀಲಿಗಟ್ಟುತ್ತಿದೆ. ಅದರ ಎದೆಯ ಸ್ಕ್ಯಾನ್ ಇಲ್ಲಿನ ಡಾಕ್ಟರ ಕಣ್ಣಿಗೆ ಬೀಳದೆ ಯಾವ ಔಷಧ ಎಂದು ಹೇಳುವಂತಿಲ್ಲ.

ಕೆಟ್ಟ ಲೈನು ಮುಚ್ಚಿ ಬದಲಿ ಲೈನಿಗೆ ತಿರುಗಿಸಬೇಕು. ಗಡಿಬಿಡಿಯಲ್ಲಿ ಅಕ್ಕ ಬದಲಿ ಲೈನನ್ನೇ ಮುಚ್ಚಿಬಿಡುತ್ತಾರೆ. ಅವರ ಮಾತು ಪೆಟ್ಟಿಗೆಗೆ ತಲುಪುತ್ತಿದ್ದದ್ದೇ ಆ ಲೈನಿನಲ್ಲಿ. ಕೂತ ಕೊಂಬೆಗೇ ಕೊಡಲಿ ಹಾಕಿದಂತಾಯಿತು. ಪೆಟ್ಟಿಗೆಯ ಸದ್ದೇ ಇಲ್ಲ.

"ಈಗೇನಮ್ಮಾ ಗತಿ?" ಡಾಕ್ಟರು ಬಾಗಿಲಲ್ಲೇ ನಿಂತು ಕೇಳುತ್ತಾರೆ.

"ಸ್ವಲ್ಪ ತಾಳಿ ಸರ್. ಪೆಟ್ಟಿಗೆ ತಾನಾಗೇ ವಾಪಸ್ ಬರುತ್ತೆ."

ಹಿಂದೊಮ್ಮೆ ಇಂಥದೇ ಎಡವಟ್ಟಾಗಿ, ಒಂದು ಗುಂಡಿ ಒತ್ತಲು ಲೈನ್‌ಮನ್ ಅರ್ಧ ದಿನ ಬಸ್ಸಿನಲ್ಲಿ ಹೋಗಬೇಕಾಗಿತ್ತು. ಅಂದಿನಿಂದ ದೂರದ ಪೆಟ್ಟಿಗೆಗೆ ಕೈಹಾಕುವ ಮುಂಚೆ ಅಕ್ಕ ಅದಕ್ಕೊಂದು ಕಟ್ಟಪ್ಪಣೆ ಮಾಡುತ್ತಾರೆ: ಇಷ್ಟು ಹೊತ್ತಿನೊಳಗೆ ನನ್ನ ದನಿ ಕೇಳದಿದ್ದರೆ ನೀನಾಗಿಯೇ ಹಳೆಯ ಸ್ಥಿತಿಗೆ ಮರಳು. ಇವತ್ತೂ ಮಾಡಿದ್ದರು. ಆದರೂ ಗಡಿಯಾರ ನೋಡುತ್ತಾ ಒಂದೊಂದೇ ಕ್ಷಣ ಎಣಿಸುತ್ತಾರೆ.

ಪರದೆಯಲ್ಲಿ ಹಸಿರು ದೀಪ ಹತ್ತುತ್ತದೆ. ಪೆಟ್ಟಿಗೆ ಮರಳಿದೆ. ಈ ಸಲ ಅಕ್ಕ ಎರಡೆರಡು ಬಾರಿ ಓದಿ ಸರಿಯಾದ ಲೈನು ಮುಚ್ಚುತ್ತಾರೆ. ಬದಲಿ ಲೈನಿನಲ್ಲಿ ಸ್ಕ್ಯಾನ್ ಬಂದು, ಪುಟ್ಟ ಹೃದಯವೊಂದು ಪರದೆಯ ಮೇಲೆ ಮಿಡಿಯುತ್ತದೆ. ಡಾಕ್ಟರು ಫೋನಿನಲ್ಲಿ ಔಷಧದ ಹೆಸರು ಹೇಳಿ, ಹೋಗುವಾಗ ಅಕ್ಕನಿಗೆ ಕೈಮುಗಿಯುತ್ತಾರೆ.

ಮಧ್ಯಾಹ್ನ ಬೆಟ್ಟದ ನರ್ಸಮ್ಮನ ಫೋನು. "ಅಕ್ಕಾ, ಕೂಸು ಕೆಂಪಗಾಗಿ ಕಿರುಚ್ತಾ ಇದೆ. ಕೇಳಿಸ್ಕೊಳ್ಳಿ."

ಅಕ್ಕ ಕೇಳಿಸಿಕೊಳ್ಳುತ್ತಾರೆ. ಕಣ್ಣು ತುಂಬಿದ್ದನ್ನು ಮುಚ್ಚಿಡುವುದಿಲ್ಲ. ಆ ಪೆಟ್ಟಿಗೆಯನ್ನು ಅವರು ಒಮ್ಮೆಯೂ ಕಣ್ಣಾರೆ ಕಂಡಿಲ್ಲ.

"ಒಂದು ಸಲ ಅಲ್ಲಿಗೆ ಹೋಗ್ಬೇಕು. ಮೊದಲು ಕೂಸನ್ನ ಎತ್ಕೋತೀನಿ. ಆಮೇಲೆ ಪೆಟ್ಟಿಗೆ ಧೂಳು ಒರೆಸ್ತೀನಿ. ನನ್ನ ಮಾತು ಉಳಿಸಿದೆ ಅದು."