ಕಲ್ಲು ನಿಂತ ಮೇಲಿನ ಹಾಡು

ಮೂವತ್ತರ ದಶಕದ ಹತ್ತರಗಿಯಲ್ಲಿ ಸುಂದ್ರವ್ವ ಬೀಸುಕಲ್ಲಿನ ಮುಂದೆ ಕೂತು ಪದ ಎತ್ತಿದರೆ ಅರ್ಧ ಓಣಿ ಎದ್ದು ಕೂರುತ್ತಿತ್ತು. ಅಂಥವಳು ಶನಿವಾರವನ್ನೇ ದೇವರ ದಿನವಾಗಿ ಪಾಲಿಸುವ ಅಡ್ವೆಂಟಿಸ್ಟ್ ಕ್ರೈಸ್ತರ ಸಭೆ ಸೇರಿದ ಮೇಲೆ ಆರಾಧನೆಯಲ್ಲಿ ಮೂಗಿಯ ಹಾಗೆ ಕೂರುತ್ತಿದ್ದಳು. ಅವಳೊಬ್ಬಳೇ ಅಲ್ಲ, ಹೆಂಗಸರೆಲ್ಲ ಹಾಗೆಯೇ. ಬೋಧಕ ಸತ್ತೆಪ್ಪ ಮಾಸ್ತರರು ಹಾರ್ಮೋನಿಯಂ ಮೇಲೆ ನುಡಿಸುತ್ತಿದ್ದ ಪರದೇಶದ ಧಾಟಿ ಯಾರ ನಾಲಿಗೆಗೂ ಹತ್ತುತ್ತಿರಲಿಲ್ಲ. ದೇವರ ಎದುರಿಗೇ ಬಾಯಿ ಬಿಚ್ಚಲಾಗದ ಸಂಕಟ ಸುಂದ್ರವ್ವನನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಶನಿವಾರ ತಡೆಯಲಾರದೆ ಎದ್ದು ನಿಂತಳು. ಸ್ವಾಮಿ ಮೋಡದ ಮೇಲೆ ಮರಳಿ ಬರುವ ಸುದ್ದಿಯನ್ನು ಬೀಸುವ ಪದದ ಧಾಟಿಯಲ್ಲೇ ಎತ್ತಿದಳು.

"ಮುಗಿಲ ದಾರಿಯ ಹಿಡಿದು ಬರತಾನ ನಮ್ಮೊಡೆಯ,
ಕಣ್ಣೆತ್ತಿ ಹಾದಿ ನೋಡವ್ವ..."

ಸಭೆಯಲ್ಲಿ ಎಂದೂ ಹಾಡದ ಹೆಂಗಸರೆಲ್ಲ ದನಿಗೂಡಿಸಿದರು. ಹಾಡಿದ್ದೇನೋ ಸರಿ, ಬಲಗೈಗಳು ಮಾತ್ರ ತಂತಾವೇ ಗರಗರ ಸುತ್ತತೊಡಗಿದವು. ಮುದಕವ್ವನಂತೂ ಎಡಗೈಯಿಂದ ಇಲ್ಲದ ಕಲ್ಲಿಗೆ ಇಲ್ಲದ ಜೋಳ ಸುರಿದಳು. ಗಂಡಸರು ನಗು ಮುಚ್ಚಿಕೊಳ್ಳಲು ಕೆಮ್ಮಿದರು.

ಮಾಸ್ತರರು ನಗಲಿಲ್ಲ. "ಸಬ್ಬತ್ತಿನ ದಿನ ಕೈಗೆ ಕೆಲಸ ಇರಬಾರದಂತ ದೇವರ ಅಪ್ಪಣಿ ಐತಿ. ಇದು ದುಡಿಯೂ ಪದ. ಮನಸು ದೇವರ ಕಡೆ ಇರಬೇಕು, ಹಿಟ್ಟಿನ ಕಡೆ ಅಲ್ಲ. ಇನ್ನ ಮುಂದ ಇಲ್ಲಿ ಬ್ಯಾಡವ್ವಾ," ಎಂದರು.

ಸುಂದ್ರವ್ವನಿಗೆ ಸಿಟ್ಟು ಬಂತು, ಅಳುವೂ ಬಂತು. ಸಿಟ್ಟಿಳಿದ ಮೇಲೆ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ನೆನಪಿರುವಷ್ಟು ಕಾಲದಿಂದ ದುಡಿದ ಕೈಗಳಿಗೆ ವಾರಕ್ಕೊಂದು ದಿನ ದೇವರೇ ಬಿಡುವು ಕೊಟ್ಟಿದ್ದ. ಅದನ್ನು ಅವಳೂ ಬಿಟ್ಟುಕೊಡಲಾರಳು. ಹಾಡನ್ನೂ ಬಿಡಲಾರಳು.

ಸಬ್ಬತ್ತು, ಅಂದರೆ ಆ ಬಿಡುವಿನ ದಿನ, ಶುರುವಾಗುವುದು ಶುಕ್ರವಾರ ಹೊತ್ತು ಮುಳುಗಿದಾಗ. ಮುಂದಿನ ಶುಕ್ರವಾರ ಹೆಂಗಸರೆಲ್ಲ ಮರುದಿನದ ರೊಟ್ಟಿ ಬಡಿದಿಟ್ಟು, ರವಿವಾರಕ್ಕೆ ಬೀಸಬೇಕಾದ ಜೋಳ ಹಿಡಿದುಕೊಂಡು ಸುಂದ್ರವ್ವನ ಅಂಗಳಕ್ಕೆ ಬಂದರು. ಮಾಸ್ತರರನ್ನೂ ಅವಳೇ ಕರೆಸಿದ್ದಳು. ಕಲ್ಲು ತಿರುಗಿತು, ಅದರ ಜೊತೆಗೆ ಹಾಡೂ ತಿರುಗಿತು. ಸೂರ್ಯ ಗುಡ್ಡದ ಹಿಂದೆ ಇಳಿದದ್ದೇ ತಡ, ಸುಂದ್ರವ್ವ ಗೂಟದಿಂದ ಕೈ ತೆಗೆದಳು.

ಕಲ್ಲು ನಿಂತಿತು. ಹಾಡು ನಿಲ್ಲಲಿಲ್ಲ.

ಕಲ್ಲಿನ ಅವಸರ ಕಳಚಿಕೊಂಡು ಅದು ನಿಧಾನವಾಯಿತು, ಉದ್ದವಾಯಿತು. ಕೈಗಳೆಲ್ಲ ಮಡಿಲಲ್ಲಿ ಸುಮ್ಮನೆ ಮಲಗಿದ್ದವು, ಮುದಕವ್ವನವು ಕೂಡ. ಕಣ್ಣು ಮುಚ್ಚಿದ್ದ ಮಾಸ್ತರರು ತಮಗರಿವಿಲ್ಲದೆಯೇ ದನಿಗೂಡಿಸಿದ್ದರು. ಹಾಡು ಮುಗಿದಾಗ, "ನಾಳೆ ಆರಾಧನೀನ ಇದರಿಂದನ ಸುರು ಮಾಡೂಣು," ಎಂದರು. ಸುಂದ್ರವ್ವನ ಎದೆ ತುಂಬಿ ಬಂತು. ಮರುದಿನ ಹತ್ತರಗಿಯ ಹೆಂಗಸರ ದನಿಗೆ ಸಭೆಯ ತಗಡಿನ ಚಾವಣಿ ಗುಂಯ್‌ಗುಟ್ಟಿತು.

ಮುಂದೆ ಗೋಕಾಕ, ಮೂಡಲಗಿಯ ಕಡೆಯ ಹೆಂಗಸರಿಗೂ ಅವಳೇ ಹೋಗಿ ಹಾಡು ಕಲಿಸಿದಳು. ಹೋದಲ್ಲೆಲ್ಲ ಹಾಡಿನ ಪುಸ್ತಕ ಕೊಟ್ಟರೆ ಬದಿಗಿಟ್ಟು, ಬೀಸುಕಲ್ಲು ತರಿಸುತ್ತಿದ್ದಳು.

"ಮೊದಲ ಕಲ್ಲ ತಿರುವರಿ. ನಿಲ್ಲಸೂದನ್ನ ಆಮ್ಯಾಲ ಕಲಸತೇನಿ."