ಮೊಲದ ಹಲ್ಲಿನ ಸದ್ದು

ಹೋದ ವಾರ ಪಕ್ಕದ ಮನೆಯಿಂದ ಬಿಸಿ ಎಣ್ಣೆಯಲ್ಲಿ ಅಜವಾನದ ಕಾಳು ಕಾಯುವ ವಾಸನೆ ಬಂತು. ನಾನು ಹಿತ್ತಲಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದೆ. ಆ ಮನೆಯಲ್ಲಿ ಎಳೆಗೂಸಿದೆ. ಅದರ ಹೊಟ್ಟೆಗೆ ಹಚ್ಚಲು ಅಜ್ಜಿ ಎಣ್ಣೆ ಕಾಯಿಸುತ್ತಿದ್ದಾರೆ ಎಂದು ಗೊತ್ತಾಯಿತು. ಅಷ್ಟೇ ಸಂಗತಿ. ಆದರೆ ನನ್ನ ಕೈ ನಿಂತಿತು. ಎಣ್ಣೆಯ ಕಾವು, ಅಜವಾನದ ಕಟುವಾಸನೆ, ಅದರ ಹಿಂದೆಯೇ ಸಣ್ಣಗೆ ಕಟಕಟ ಎನ್ನುವ ಒಂದು ಸದ್ದು... ಸದ್ದು ಅಲ್ಲಿರಲಿಲ್ಲ. ಅದು ಹಿಂದೆ ನಾನಿದ್ದ ಉಮರ್ಗಾದ ಮನೆಯಲ್ಲೇ ಉಳಿದುಹೋದದ್ದು.

ಔರಾದ ಶಹಾಜನಿಗೆ ವರ್ಗವಾಗಿ ಬರುವ ಮೊದಲು ನಾನು ಮಹಾರಾಷ್ಟ್ರದ ಗಡಿಯೂರು ಉಮರ್ಗಾದಲ್ಲಿ ಕನ್ನಡ ಶಾಲೆಯ ಶಿಕ್ಷಕಿಯಾಗಿದ್ದೆ. ಬಾಡಿಗೆಗಿದ್ದ ಮನೆಯ ಒಡತಿಯನ್ನು ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಗುಂಜೋಟಿಯ ಕುರಿಗಾರರ ಮನೆಯ ಮಗಳು. ಮದುವೆಯಾಗಿ ಬಂದ ಮನೆಯಲ್ಲೂ ಕುರಿ ಇದ್ದವು. ಗಂಡ ತೀರಿದ ಮೇಲೆ ಹಿಂಡು ಹೋಯಿತು, ಊರ ಹೊರಗಿನ ಒಂದು ತುಂಡು ಹೊಲ ಉಳಿಯಿತು. ದೇವರ ಗೂಡಿನಲ್ಲಿ ಬೀರಪ್ಪನ ಭಂಡಾರ, ಆ ಅರಿಶಿನ ಪುಡಿ, ಉಳಿಯಿತು. ಅಡ್ಡತೊಲೆಗೆ ತೂಗುಹಾಕಿದ್ದ ಬಿದಿರಿನ ಗೊಟ್ಟವೂ ಉಳಿಯಿತು. ಕುರಿಗೆ ಕಾಯಿಲೆಯಾದರೆ ಬಾಯಿ ತೆರೆಸಿ ಔಷಧ ಹುಯ್ಯುವ ಕೊಳವೆ ಅದು. ಬಳಸಿ ಬಳಸಿ ಅದರ ತುದಿ ನುಣುಪಾಗಿತ್ತು.

ಕಾಕುವಿಗೆ ಒಬ್ಬಳೇ ಮಗಳು. ಕಾಲೇಜಿಗೆ ಹೋಗುತ್ತಿದ್ದಳು. ಒಮ್ಮೆ ಸಂತೆಯಿಂದ ರಟ್ಟಿನ ಡಬ್ಬಿಯಲ್ಲಿ ಒಂದು ಬಿಳಿ ಮೊಲ ತಂದಳು. ಒಂದು ಕಿವಿ ಮಾತ್ರ ಬೂದಿ ಬಣ್ಣದ್ದು. ಲಾಡು ಎಂದು ಹೆಸರಿಟ್ಟಳು.

“ಹಾಲಿಲ್ಲ, ಉಣ್ಣೆ ಇಲ್ಲ, ಒದರೂದೂ ಇಲ್ಲ. ಇದೇನ್ ಜಿತರಾಬ, ಯಾತರ ಪ್ರಾಣಿ ತಂದೀಯವ್ವಾ?” ಎಂದರು ಕಾಕು.

“ನಿನ್ನಂಗ ಒದರೂದಿಲ್ಲ ಅಂತಾನೇ ತಂದೀನಿ,” ಎಂದಳು ಮಗಳು.

ಕಾಕು ಕಸಬರಿಗೆ ಎತ್ತಿದರು. ಇಬ್ಬರೂ ನಕ್ಕರು. ಅವರು ಜೊತೆಯಾಗಿ ನಕ್ಕದ್ದು ನನಗೆ ನೆನಪಿರುವುದು ಆ ದಿನದ್ದೇ.

ಮರುವರ್ಷದ ಮಳೆಗಾಲದಲ್ಲಿ ಹುಡುಗಿಗೆ ಜ್ವರ ಬಂತು. ಗುಳಿಗೆ ತಂದರು. ಜ್ವರ ಇಳಿಯುವ ತನಕ ಹೊಟ್ಟೆ ಖಾಲಿ ಇರಬೇಕು ಎಂಬುದು ಕಾಕುವಿನ ತವರಿನ ರೀತಿ. ಕುರಿಗಾದರೂ ಅದೇ, ಮನುಷ್ಯರಿಗಾದರೂ ಅದೇ. ಅದಕ್ಕೆ ಅವರು ಬಾಯಿ ಕಟ್ಟುವುದು ಎನ್ನುತ್ತಿದ್ದರು. ಹುಡುಗಿಗೆ ಬರೀ ಕಾಯಿಸಿದ ನೀರು ಕೊಟ್ಟರು. ನಾನು ನೋಡಲು ಹೋದಾಗ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. “ಆಯಿ, ಒಂದ್ ಹಿಡಿ ಚುರುಮುರಿ ಕೊಡ,” ಎಂದಳು. ಕಾಕು ಅವಳ ಹಣೆ ಒರೆಸುತ್ತ, “ನಾಳಿ ಕೊಡ್ತೀನಿ ನನ ಬಂಗಾರ, ನಾಳಿ,” ಎಂದರು. ಅದರಲ್ಲಿ ಗದರಿಕೆ ಇರಲಿಲ್ಲ. ಕೊಡುವ ಆಸೆಯನ್ನು ತಡೆದುಕೊಂಡ ದನಿ ಅದು. ಮರುದಿನ ಹುಡುಗಿಗೆ ಎಚ್ಚರ ತಪ್ಪಿತು. ಲಾತೂರಿನ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಪ್ರಾಣ ಹೋಯಿತು. ಜ್ವರ ಮಿದುಳಿಗೆ ಏರಿತ್ತು ಎಂದು ವೈದ್ಯರು ಹೇಳಿದರು. ಖಾಲಿ ಹೊಟ್ಟೆಯ ಮಾತು ಯಾರೂ ಎತ್ತಲಿಲ್ಲ. ಎತ್ತುವ ಕಾರಣವೂ ಇರಲಿಲ್ಲ.

ಹೊಲದ ಬದುವಿನ ಪಕ್ಕ ಮಣ್ಣು ಮಾಡಿದರು.

ಆಮೇಲೆ ಮೊಲ ಕಾಕುವಿನದಾಯಿತು. ದಿನಾ ಹೊಲದಿಂದ ಕರಕಿ ಹುಲ್ಲು ಕಿತ್ತು ಸೆರಗಿನಲ್ಲಿ ತರುತ್ತಿದ್ದರು. ಮೊಲ ಅದನ್ನು ತಿನ್ನುವಾಗ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೊನೆಯ ಎಳೆಯವರೆಗೂ ನೋಡುತ್ತಿದ್ದರು. ಮಗಳು ಇಟ್ಟ ಹೆಸರನ್ನು ಮಾತ್ರ ಬಾಯಿಗೆ ತರುತ್ತಿರಲಿಲ್ಲ. “ಆಕೀದು,” ಎನ್ನುತ್ತಿದ್ದರು. ಒಮ್ಮೆ ನನ್ನೊಡನೆ, “ಅಕ್ಕೋರೆ, ಆಕೀದು ಅಂತ ಉಸಿರಾಡೂದು ಇದೊಂದೇ ಉಳದಾದ್ರಿ,” ಎಂದರು.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ದಿನ ಯಾರೋ ಕೊಟ್ಟ ಎಲೆಕೋಸಿನ ಹಸಿ ಎಲೆಗಳನ್ನು ತಿಂದ ಮೇಲೆ ಮೊಲ ಮುದುರಿ ಕೂತಿತು. ಕಾಕು ಹೊಟ್ಟೆ ಮುಟ್ಟಿ ನೋಡಿದರು. ಬಿಗಿಯಾಗಿತ್ತು. ಅವರು ಗಾಬರಿಯಾಗಲಿಲ್ಲ. ಉಬ್ಬಿದ ಹೊಟ್ಟೆ ಅವರಿಗೆ ಹುಟ್ಟಿನಿಂದ ಗೊತ್ತಿದ್ದ ರೋಗ. ಹುಲ್ಲನ್ನೆಲ್ಲ ಗುಡಿಸಿ ತೆಗೆದರು, ನೀರಿನ ಬಟ್ಟಲು ತೆಗೆದರು. ಎಣ್ಣೆಯಲ್ಲಿ ಅಜವಾನ ಕಾಯಿಸಿ, ಆರಿಸಿ, ಹೊಟ್ಟೆಗೆ ಹಚ್ಚಿದರು. ಗೊಟ್ಟ ಕೆಳಗಿಳಿಸಿದರು, ಅದು ಮೊಲದ ಬಾಯಿಗಿಂತ ದಪ್ಪವಿತ್ತು. ಮತ್ತೆ ಮೇಲೆ ಸಿಗಿಸಿ ಅದೇ ಎಣ್ಣೆಯನ್ನು ಚಮಚದಿಂದ ಒಂದೆರಡು ಹನಿ ಕುಡಿಸಿದರು.

“ಎರಡ್ ದಿನ ಬಾಯಿ ಕಟ್ಟಿದ್ರ ತಾನೇ ಇಳೀತದ್ರಿ,” ಎಂದರು.

ಮರುದಿನ ಸಂಜೆ ನಾನು ಶಾಲೆಯಿಂದ ಬಂದಾಗ ಕಾಕು ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. “ಸಪ್ಪಳ ಮಾಡಬ್ಯಾಡ್ರಿ, ಕೇಳ್ರಿ,” ಎಂದರು. ಮೂಲೆಯಲ್ಲಿ ಮೊಲ ಕಣ್ಣು ಅರೆಮುಚ್ಚಿ ಕೂತಿತ್ತು. ಅದರ ಬಾಯೊಳಗಿನಿಂದ ಸಣ್ಣ ಸದ್ದು ಬರುತ್ತಿತ್ತು. ಕಟಕಟ... ಸ್ವಲ್ಪ ನಿಂತು ಮತ್ತೆ ಕಟಕಟ.

“ಮೆಲುಕ ಹಾಕಲಿಕ್ಕತ್ಯಾದ್ರಿ! ಕುರಿ ಮೆಲುಕ ಹಾಕ್ತಂದ್ರ ಗೆದ್ದಂಗೇ. ಉಳೀತ್ರಿ ಅಕ್ಕೋರೆ, ಆಕೀದು ಉಳೀತು.”

ಅವರ ಕಣ್ಣಲ್ಲಿ ನೀರು ಬಂದಿತ್ತು. ದೇವರ ಗೂಡಿನಿಂದ ಚಿಟಿಕೆ ಭಂಡಾರ ತಂದು ಮೊಲದ ಹಣೆಗೆ ಹಚ್ಚಿದರು. ಬಿಳಿ ಕೂದಲ ಮೇಲೆ ಹಳದಿ. ಮಗಳು ಸತ್ತ ಮೇಲೆ ಅವರ ಮುಖ ಅಷ್ಟು ಸಡಿಲವಾದದ್ದನ್ನು ನಾನು ಕಂಡಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಮೊಲ ಪಕ್ಕಕ್ಕೆ ವಾಲಿತ್ತು. ಊರಿನ ದನದ ಡಾಕ್ಟರು ಮುಟ್ಟಿ ನೋಡಿ, ಇಂಥ ಸಣ್ಣ ಪ್ರಾಣಿ ತಮಗೆ ರೂಢಿಯಿಲ್ಲ ಎಂದರು. ಉದಗೀರದಲ್ಲಿ ಮೊಲ, ಗಿಳಿಗಳನ್ನೇ ನೋಡುವ ಒಬ್ಬ ಹೆಣ್ಣು ಡಾಕ್ಟರು, ಡಾಕ್ಟರ್ ಬಾಯಿ, ಇದ್ದಾರೆ, ತಡಮಾಡದೆ ಒಯ್ಯಿರಿ ಎಂದು ಚೌಕದ ಹೆಸರು ಹೇಳಿ ಕಳಿಸಿದರು. ಕಾಕು ಮಗಳ ಓಢಣಿಯನ್ನು ಬುಟ್ಟಿಗೆ ಹಾಸಿದರು. ನಾನು ಶಾಲೆಗೆ ರಜೆ ಹೇಳಿ ಜೊತೆಗೆ ಹೊರಟೆ.

ನಿಲಂಗಾದಲ್ಲಿ ಬಸ್ಸು ಬದಲಿಸಬೇಕಿತ್ತು. ಕಟ್ಟೆಯ ಮೇಲೆ ನಮ್ಮ ಪಕ್ಕ ಒಬ್ಬ ಹೆಂಗಸು ಮೆಂತ್ಯಸೊಪ್ಪಿನ ಗಂಟು ಇಟ್ಟುಕೊಂಡು ಕೂತಿದ್ದಳು. ಅದರ ವಾಸನೆಗೆ ಮೊಲ ತಲೆ ಎತ್ತಿತು. ಮೂಗು ಆಡಿಸಿತು. ಕುತ್ತಿಗೆ ಚಾಚಿ ಒಂದು ಎಲೆಯ ತುದಿ ಹಿಡಿಯಿತು. ಕಾಕು ಎರಡು ಬೆರಳಿಂದ ಆ ಎಲೆಯನ್ನು ಮೆಲ್ಲಗೆ ಅದರ ಬಾಯಿಂದ ಬಿಡಿಸಿಕೊಂಡರು.

“ಈಗ ಬ್ಯಾಡ ಲಾಡು. ನಾಳಿ ಕೊಡ್ತೀನಿ,” ಎಂದರು.

ಆ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಉದಗೀರದ ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿಯೊಳಗೆ ಇಣುಕಿದ. “ಕಾಯ್ ಕಾಕು, ಸಸಾ ಏನ್ರಿ? ಉದಗೀರದಾಗ ಊಟಕ್ಕ ಮೊಲದ ರಸ್ಸಾ ಮಾಡ್ತೀರೇನು?” ಎಂದ.

“ಮಾಡ್ತೀನಪಾ. ನಿನ್ನ ನಾಲಿಗಿ ಕೊಯ್ದು ಕೊಡು, ಅದನ್ನೂ ಹಾಕ್ತೀನಿ,” ಎಂದರು ಕಾಕು. ಬಸ್ಸಿನವರೆಲ್ಲ ನಕ್ಕರು. ಅವನೂ ನಕ್ಕು, ಗಾಳಿ ಬರುವ ಕಡೆಯ ಸೀಟು ಬಿಡಿಸಿಕೊಟ್ಟ. ದಾರಿಯುದ್ದಕ್ಕೂ ಆ ಕಟಕಟ ಸದ್ದು ಬರುತ್ತಲೇ ಇತ್ತು. ಬಸ್ಸು ನಿಂತಾಗಲೆಲ್ಲ ಕಾಕು ಬುಟ್ಟಿಗೆ ಕಿವಿ ಕೊಟ್ಟು, ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು.

ಡಾಕ್ಟರ್ ಬಾಯಿ ಇನ್ನೂ ಚಿಕ್ಕ ವಯಸ್ಸಿನವರು. ಮರಾಠಿಯಲ್ಲಿ ಶುರುಮಾಡಿ, ಕಾಕುವಿನ ಮಾತು ಕೇಳಿ ಕನ್ನಡಕ್ಕೆ ಹೊರಳಿದರು. ಮೊಲದ ಹೊಟ್ಟೆಗೆ ಬಹಳ ಹೊತ್ತು ಸ್ಟೆಥಾಸ್ಕೋಪಿನ ನಳಿಗೆ ಇಟ್ಟು ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು.

“ಒಳಗ ಏನೂ ಸಪ್ಪಳಾ ಇಲ್ರಿ. ತಿನ್ನೂದು ಬಿಟ್ಟು ಎಷ್ಟ ದಿನ ಆತು?”

“ಅದು ಬಿಟ್ಟಿಲ್ರಿ. ನಾನೇ ಕೊಟ್ಟಿಲ್ಲ,” ಎಂದರು ಕಾಕು. ಸರಿಯಾದ ಕೆಲಸ ಮಾಡಿದವರ ದನಿಯಲ್ಲೇ ಹೇಳಿದರು. “ಉಬ್ಬಿದ ಹೊಟ್ಟಿಗಿ ಬಾಯಿ ಕಟ್ಟಬೇಕಲ್ರಿ. ನಮ್ಮಪ್ಪ ಹಿಂಗೇ ಹಿಂಡಗಟ್ಟಲೆ ಕುರಿ ಉಳಿಸ್ಯಾನ. ನಿನ್ನಿಂದ ಮೆಲುಕಾ ಹಾಕಲಿಕ್ಕತ್ಯಾದ, ಕೇಳ್ರಿ.”

ಡಾಕ್ಟರ್ ಬಾಯಿ ಕಿವಿಯಿಂದ ನಳಿಗೆ ತೆಗೆದರು. ಮೊಲದ ಮುಖ ನೋಡಿದರು.

“ಕಾಕು, ಮೊಲ ಮೆಲುಕ ಹಾಕೂದಿಲ್ರಿ. ಅದು ಬ್ಯಾನಿಗಿ, ನೋವು ತಾಳಲಾರದ ಹಲ್ಲ ಕಡೀಲಿಕ್ಕತ್ಯಾದ.”

ಕಾಕು ಬಗ್ಗಿ ಮೊಲದ ಬಾಯಿಗೆ ಕಿವಿ ಕೊಟ್ಟರು.

“ಇದು ಕುರಿ ಹಂಗಲ್ರಿ. ಇದರ ಹೊಟ್ಟಿ ನಡದೇ ಇರಬೇಕು, ಹುಲ್ಲ ತಿಂತಾನೇ ಇರಬೇಕು. ಒಂದ್ ದಿನ ಉಪಾಸ ಬಿದ್ರೂ ಹೊಟ್ಟಿ ನಿಂತೇ ಬಿಡ್ತದ.”

ನೋವಿಗೆ ಒಂದು ಸೂಜಿ ಹಾಕಿದರು. ಚರ್ಮದಡಿ ಸಲೈನ್ ಕೊಟ್ಟರು. ಒಣಹುಲ್ಲಿನ ಪುಡಿಯನ್ನು ನೀರಲ್ಲಿ ಗಂಜಿಯ ಹಾಗೆ ಕಲಸಿ ಸೂಜಿಯಿಲ್ಲದ ಸಿರಿಂಜಿಗೆ ತುಂಬಿದರು. “ನಾ ತಿನಸ್ತೀನ್ರಿ,” ಎಂದು ಕಾಕು ಅದನ್ನು ಇಸಿದುಕೊಂಡರು. ಕುರಿಮರಿಗಳಿಗೆ ಹಾಲು ಕುಡಿಸಿದ್ದ ಕೈ ಅದು. ತುಟಿಯ ಸಂದಿಯಲ್ಲಿ ಒಂದು ಹನಿ ಬಿಟ್ಟರು, ಮೊಲ ನುಂಗಿತು. ಇನ್ನೊಂದು ಹನಿ, ಅದನ್ನೂ ನುಂಗಿತು. “ತಿನ್ನಲಿಕ್ಕತ್ಯಾದ್ರಿ,” ಎಂದು ಕಾಕು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಮೊಲ ಹಿಂಗಾಲು ಚಾಚಿತು. ಒಮ್ಮೆ ಕೂಗಿತು. ಎಂದೂ ದನಿ ತೆಗೆಯದ ಪ್ರಾಣಿ ಅದು... ಆ ಕೂಗು ಮಗುವಿನ ಕೂಗಿನ ಹಾಗಿತ್ತು. ಆಮೇಲೆ ಆ ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ಹಲ್ಲಿನ ಸದ್ದು ನಿಂತದ್ದು ನನಗೆ ಆಗ ತಿಳಿಯಿತು.

ಕಾಕು ಸಿರಿಂಜನ್ನು ಮೇಜಿನ ಮೇಲೆ ಇಟ್ಟರು. ಮೊಲದ ಗಲ್ಲಕ್ಕೆ ಹತ್ತಿದ ಗಂಜಿಯನ್ನು ಓಢಣಿಯ ತುದಿಯಿಂದ ಒರೆಸಿದರು. ಅದರ ಹಣೆಯಲ್ಲಿ ಭಂಡಾರ ಇನ್ನೂ ಇತ್ತು. ಹಾಗೇ ಒರೆಸುತ್ತ, ತಲೆ ಎತ್ತದೆ ಕೇಳಿದರು.

“ಡಾಕ್ಟರ್ ಬಾಯಿ, ಮನಶ್ಯಾರದೂ ಹಿಂಗೇ ಏನ್ರಿ?”

“ಏನ್ರಿ ಕಾಕು?”

“ಜ್ವರದಾಗ ಉಪಾಸ ಹಾಕಿದ್ರ... ಮನಶ್ಯಾರದೂ ಹೊಟ್ಟಿ ಹಿಂಗ ನಿಲ್ತದೇನ್ರಿ?”

ಡಾಕ್ಟರ್ ಬಾಯಿಗೆ ಹುಡುಗಿಯ ವಿಷಯ ಗೊತ್ತಿರಲಿಲ್ಲ. “ಇಲ್ಲ ಇಲ್ಲ, ಮನಶ್ಯಾರದು ಬ್ಯಾರೆ,” ಎಂದರು. ಹೇಳಿ ಮುಗಿಸಿದ ಮೇಲೆ ಓಢಣಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕಾಕುವಿನ ಭುಜ ಹಿಡಿದು, “ಹೌದ್ರಿ ಕಾಕು, ಮನಶ್ಯಾರದು ಬ್ಯಾರೆನೇ,” ಎಂದೆ. ಅದು ನಿಜವೇ ಆಗಿತ್ತು. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಲು ಪ್ರಯತ್ನಪಟ್ಟರು ಅನ್ನಿಸುತ್ತದೆ.

ವಾಪಸು ಬರುವಾಗ ನಿಲಂಗಾದ ನಿಲ್ದಾಣದಲ್ಲಿ ಒಂದು ಪೊಟ್ಟಣ ಚುರುಮುರಿ ಕೊಂಡರು. ತಿನ್ನಲಿಲ್ಲ, ನನಗೂ ಕೊಡಲಿಲ್ಲ. ಉಮರ್ಗಾದವರೆಗೂ ಮಡಿಲಲ್ಲಿ ಹಿಡಿದುಕೊಂಡಿದ್ದರು. ಸಂಜೆ ಹೊಲದ ಬದುವಿನಲ್ಲಿ, ಮಗಳ ಮಣ್ಣಿನ ಪಕ್ಕದಲ್ಲೇ ಮೊಲಕ್ಕೆ ಗುಂಡಿ ತೋಡಿದೆವು. ಮಣ್ಣು ಮುಚ್ಚಿದ ಮೇಲೆ ಕಾಕು ಪೊಟ್ಟಣ ಬಿಚ್ಚಿದರು. ಮೊಲದ ಕಡೆ ಸುರಿಯಲಿಲ್ಲ. ಆಚೆ ಮಗಳ ಬದಿಗೆ ಹೋಗಿ, ಹಿಡಿ ಹಿಡಿಯಾಗಿ, ನಿಧಾನವಾಗಿ ಪೂರ್ತಿ ಸುರಿದರು.

ಗೊಟ್ಟವನ್ನು ಮರುದಿನ ಒಲೆಗೆ ಹಾಕಿದರು. ಹಣ್ಣಾದ ಬಿದಿರು, ಬೇಗ ಉರಿಯಲಿಲ್ಲ. ಆಮೇಲೆ ಆ ಮನೆಯ ಬಾಗಿಲಿಗೆ ಬಂದ ಯಾರನ್ನೂ ಅವರು ಉಣ್ಣಿಸದೆ ಕಳಿಸಲಿಲ್ಲ. ನಾನು ಸೋಮವಾರದ ಉಪವಾಸ ಎಂದರೂ ತಾಟು ತಂದಿಟ್ಟು ಎದುರಿಗೆ ಕೂರುತ್ತಿದ್ದರು, ಕೊನೆಯ ತುತ್ತಿನವರೆಗೂ. ನಾನು ಉಪವಾಸ ಬಿಟ್ಟೆ. ಅವರ ಊಟ ಮಾತ್ರ ಕಡಿಮೆಯಾಗುತ್ತ ಹೋಯಿತು. ಕೇಳಿದರೆ, “ಆಗಲೇ ಉಂಡೀನ್ರಿ ಅಕ್ಕೋರೆ,” ಎನ್ನುತ್ತಿದ್ದರು. ನಾನು ವರ್ಗವಾಗಿ ಬಂದ ಮರುವರ್ಷ ತೀರಿಕೊಂಡರು. ಸುದ್ದಿ ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ಹೋದ ವಾರ, ಆ ವಾಸನೆಯ ಹಿಂದೆಯೇ ಪಕ್ಕದ ಮನೆಯ ಅಜ್ಜಿ ಸೊಸೆಗೆ ಹೇಳುವ ಮಾತು ಗೋಡೆ ದಾಟಿ ಬಂತು. “ಕೂಸಿನ ಹೊಟ್ಟಿ ಉಬ್ಬ್ಯಾದ. ಇವತ್ತೊಂದಿನ ಮೊಲಿ ಕೊಡಬ್ಯಾಡ, ನಾಳಿ ಕೊಡೀಯಂತ.”

ನಾನು ಎದ್ದು ನಿಂತದ್ದು ನೆನಪಿದೆ. ಮಡಿಲಿನ ತೊಗರಿಕಾಳು ಚೆಲ್ಲಿದ್ದು ನೆನಪಿದೆ. “ಕೊಡ್ರಿ! ಈಗೇ ಕೊಡ್ರಿ, ನಾಳಿ ಅನಬ್ಯಾಡ್ರಿ! ದವಾಖಾನಿಗಿ ನಾನೂ ಬರ್ತೀನಿ,” ಎಂದು ಗೋಡೆಯ ಮೇಲಿಂದ ಕೂಗಿದೆ. ಅತ್ತೆ ಸೊಸೆ ಇಬ್ಬರೂ ಬೆದರಿ ನನ್ನನ್ನೇ ನೋಡಿದರು. ನನ್ನ ದನಿ ಅಷ್ಟು ದೊಡ್ಡದಾಗಿ ಹೊರಟದ್ದು ನನಗೂ ಹೊಸದು. ಸೊಸೆ ಕೂಸನ್ನು ಎದೆಗೆ ಹಾಕಿಕೊಂಡಳು.

ಕೂಸು ಈಗ ಚೆನ್ನಾಗಿದೆ. ಅಜ್ಜಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಇರಲಿ. ಚೆಲ್ಲಿದ ಕಾಳು ಆಯುತ್ತ ಕೂತಾಗ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಮನುಷ್ಯರದು ಬೇರೆ ಎಂದು ಕಾಕುವಿನ ಭುಜ ಹಿಡಿದು ಹೇಳಿದವಳೂ ನಾನೇ, ಈಗೇ ಕೊಡ್ರಿ ಎಂದು ಗೋಡೆಯ ಮೇಲಿಂದ ಕೂಗಿದವಳೂ ನಾನೇ.