ಅತ್ತೆಯ ಬೆಂಕಿಕಡ್ಡಿ ಮತ್ತು ಮೂರು ಸಾವಿರದ ಬನೀನು

ನಲ್ಲಿಯಲ್ಲಿ ನೀರು ಬರುವ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ದೇವರ ನೆನಪಾಗುವುದಿಲ್ಲ. ಇವತ್ತು ಅಂಥ ದಿನ. ಡ್ರಮ್ಮು, ಬಿಂದಿಗೆ, ಕುಕ್ಕರು, ಕೊನೆಗೆ ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಯುವ ಪಾಯಸದ ಪಾತ್ರೆ, ಎಲ್ಲವೂ ತುಂಬಿದ ಮೇಲೆ ಹಾಲು ಕಾಯಿಸಿ, ಅತ್ತೆಗೆ ಕಾಫಿ ಕೊಟ್ಟು, ಯಜಮಾನರನ್ನು ಡಬ್ಬಿಯ ಸಮೇತ ಫ್ಯಾಕ್ಟರಿ ಬಸ್ಸಿಗೆ ಹತ್ತಿಸಿ, ಇಸ್ತ್ರಿಪೆಟ್ಟಿಗೆ ಹಿಡಿದೆ. ಗಣಿಯ ಊರಾದ ಉರಿಗಾಮಿನ ನಮ್ಮ ಮನೆಸಾಲಿನಲ್ಲಿ ಇಸ್ತ್ರಿಗೆ ಮುಂಚೆ ಬಟ್ಟೆಯನ್ನು ಒಮ್ಮೆ ಜಾಡಿಸಿ ಕೊಡವಬೇಕು. ಗಾಳಿ ಎದ್ದರೆ ಹಳೆಯ ಗಣಿಯ ದಿಬ್ಬಗಳಿಂದ ಬೂದುಬಣ್ಣದ ಪುಡಿ ಹಾರಿ ಬಂದು ತಂತಿಯ ಮೇಲಿನ ಬಟ್ಟೆಗೆಲ್ಲ ಪೌಡರು ಬಳಿಯುತ್ತದೆ. ಚಿನ್ನವನ್ನು ಯಾರೋ ಒಯ್ದರು, ಪುಡಿ ನಮಗೆ ಉಳಿಯಿತು.

ಕೊಡವಿ ಹಾಸಿದ ಮೊದಲ ಬಟ್ಟೆಯೇ ಕೆಂಪು ಕ್ರಿಕೆಟ್ ಜೆರ್ಸಿ. ನಮ್ಮ ಬೆಂಗಳೂರಿನ ತಂಡದ್ದು. ಪೆಟ್ಟಿಗೆ ಸ್ವಲ್ಪ ಹೆಚ್ಚೇ ಕಾದಿತ್ತು. ತಾಗಿಸಿದ್ದೇ ತಡ, ಪ್ಲಾಸ್ಟಿಕ್ ಬಾಚಣಿಗೆಯನ್ನು ಒಲೆಗೆ ಹಿಡಿದಂಥ ವಾಸನೆ ಎದ್ದಿತು.

ನಡುಮನೆಯಿಂದ ಅತ್ತೆಯ ದನಿ ಬಂತು. "ಏನಮ್ಮಾ, ಆ ಡೂಪ್ಲಿಕೇಟ್‌ಗೆ ಇಸ್ತ್ರಿ ಆಕ್ತಿದ್ದೀಯಾ? ಇಲ್ಲಿಗಂಟ ನಾತ ಬತ್ತಾ ಐತೆ. ಉರಿ ಕಮ್ಮಿ ಮಡೀಕೋ!"

ಈ ವಾಸನೆಗೂ ನಮ್ಮ ನಾದಿನಿ ಲತಾಳ ಮದುವೆಗೂ ಸಂಬಂಧವಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಕೂತುಕೊಳ್ಳಿ. ರಾತ್ರಿಯ ಪಾತ್ರೆ ತೊಳೆದಾಯಿತು, ನನಗೂ ಈಗ ಬೇರೆ ಕೆಲಸವಿಲ್ಲ.

ಮೊದಲು ಅತ್ತೆಯ ವಿಷಯ ಹೇಳಬೇಕು. ಅವರ ತವರು ಶಿಡ್ಲಘಟ್ಟದ ಕಡೆ. ಅವರ ತಂದೆ ಗೂಡು ಬೇಯಿಸಿ ರೇಷ್ಮೆ ತೆಗೆಯುತ್ತಿದ್ದವರು. ಹಾಗಾಗಿ ಅತ್ತೆಗೆ ಈ ಲೋಕದಲ್ಲಿ ಯಾವ ವಸ್ತುವಿನ ಮೇಲೂ ಪರೀಕ್ಷೆ ಮಾಡದೆ ನಂಬಿಕೆ ಹುಟ್ಟುವುದಿಲ್ಲ. ಜೇನುತುಪ್ಪವನ್ನು ನೀರಿನ ಲೋಟಕ್ಕೆ ಬಿಟ್ಟು ನೋಡುತ್ತಾರೆ. ಹಾಲಿನ ಒಂದು ಹನಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಇಳಿಸಿ, ಅದು ಓಡುವ ವೇಗದ ಮೇಲೆ ಹಾಲಿನವನ ಚಾರಿತ್ರ್ಯ ಹೇಳುತ್ತಾರೆ. ತುಪ್ಪವನ್ನು ಅಂಗೈಯಲ್ಲಿ ತಿಕ್ಕಿ ನನ್ನ ಮೂಗಿಗೂ ಹಿಡಿಯುತ್ತಾರೆ, ಸಾಕ್ಷಿಗೆಂದು. ಆದರೆ ಅವರ ಬ್ರಹ್ಮಾಸ್ತ್ರ ಇರುವುದು ಬಟ್ಟೆಯ ವಿಷಯದಲ್ಲಿ. ಸೆರಗಿನ ಅಂಚಿನಿಂದ ಒಂದು ನೂಲು ಎಳೆದು ಕಡ್ಡಿ ಗೀರಿ ಸುಡುವುದು. "ಒಳ್ಳೆ ಬಟ್ಟೆ ಬೂದಿ ಆಗ್ತದೆ, ಕಳ್ ಬಟ್ಟೆ ಗೋಲಿ ಆಗ್ತದೆ. ಅಷ್ಟೇ ಕಣಮ್ಮ ಇರಾದು." ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಸೀರೆ ಅಂಗಡಿಯಿದೆ. ಅತ್ತೆ ಮೆಟ್ಟಿಲು ಹತ್ತುವುದು ಕಂಡರೆ ಅಲ್ಲಿನವರು ದೇವರ ಪಟದ ಮುಂದಿನ ಬೆಂಕಿಪೊಟ್ಟಣವನ್ನು ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಬಿಡುತ್ತಾರೆ. ಅವರಿಗೇನು ಗೊತ್ತು, ಅತ್ತೆಯ ಕೈಚೀಲದಲ್ಲಿ ಸ್ವಂತದ್ದು ಇರುತ್ತದೆ.

ನಾನು ಈ ಮನೆಗೆ ಬಂದಾಗ ನನ್ನ ಧಾರೆ ಸೀರೆಗೂ ಬೆಂಕಿ ಬಿದ್ದಿತ್ತು. ನೂಲು ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಪುಡಿಯಾಯಿತು. ಅಸಲಿ ರೇಷ್ಮೆ. ಅತ್ತೆ ನಕ್ಕರು. ಆಮೇಲೆ ನನ್ನನ್ನು ಯಾರೂ ಏನೂ ಪರೀಕ್ಷಿಸಲಿಲ್ಲ. ನನ್ನ ಪಾಲಿನ ಪರೀಕ್ಷೆಯನ್ನೆಲ್ಲ ಆ ಸೀರೆಯೇ ಬರೆದು ಪಾಸಾಯಿತು.

ಇನ್ನು ನಮ್ಮ ಯಜಮಾನರು. ಸ್ವಭಾವತಃ ಸಾಧು. ಆದರೆ ಪಂದ್ಯದ ದಿನ ಮಾತ್ರ ಟಿವಿಯ ಮುಂದೆ ಕೂತ ಭಂಗಿ ಬದಲಿಸುವುದಿಲ್ಲ, ಬದಲಿಸಿದರೆ ವಿಕೆಟ್ ಬೀಳುತ್ತದಂತೆ. ನಾನು ಅಡ್ಡ ಹೋದರೂ ಬೀಳುತ್ತದಂತೆ. ನಮ್ಮ ತಂಡ ಸೋತ ಎಷ್ಟೋ ಪಂದ್ಯಗಳಿಗೆ ನನ್ನ ಅಡುಗೆಮನೆ ಓಡಾಟವೇ ಕಾರಣ. ಇವರು ರಾಬರ್ಟ್‌ಸನ್‌ಪೇಟೆಯ ಫುಟ್‌ಪಾತಿನಲ್ಲಿ, ಸೊಳ್ಳೆ ಪರದೆಗೂ ಪ್ಲಾಸ್ಟಿಕ್ ಬುಟ್ಟಿಗೂ ನಡುವೆ ಗುಡ್ಡೆ ಹಾಕಿದ್ದ ರಾಶಿಯಿಂದ ಒಂದು ಜೆರ್ಸಿ ಆರಿಸಿ ತಂದಿದ್ದರು. ಅಂಗಡಿಯವನು "ಸಾರ್, ಇದು ಫಸ್ಟ್ ಕಾಪಿ, ಆ ಕಡೆ ಇರೋದೆಲ್ಲ ಸೆಕೆಂಡ್ ಕಾಪಿ" ಎಂದಿದ್ದನಂತೆ. ಕಾಪಿ ಹೊಡೆಯುವುದರಲ್ಲೂ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು ಇದೆ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೆ ಗಣಿತದಲ್ಲಿ ನನ್ನ ಗತಿಯೇ ಬೇರೆಯಾಗುತ್ತಿತ್ತು. ಅಸಲಿ ಜೆರ್ಸಿ ಕೊಳ್ಳುವ ಆಸೆ ಇವರಿಗಿತ್ತು. ಒಮ್ಮೆ ಫೋನಿನಲ್ಲಿ ಬೆಲೆ ನೋಡಿದರು, ಫೋನನ್ನು ಮಗುಚಿ ಇಟ್ಟು ನೀರು ಕುಡಿದರು. ಮುಂದೆ ಆ ಮಾತು ಬರಲಿಲ್ಲ.

ಹೀಗಿರುವಾಗ ಲತಾಗೆ ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ಸಂಬಂಧ ಬಂತು. ಹೊಲವಿದೆ, ಹಸುಗಳಿವೆ. ಹುಡುಗ ಮಂಜುನಾಥ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿಯ ರೈಲಿಗೆ ಮನೆ ಸೇರುವವನು. ಲತಾ ಅದಕ್ಕೆ ಮುಂಚೆ ಬಂದ ಸಂಬಂಧಗಳಿಗೆಲ್ಲ ತಲೆನೋವೆಂದು ಹೊದ್ದು ಮಲಗಿದವಳು. ಈ ಹುಡುಗ ಮೊದಲ ಸಲ ಬಂದು ಹೋದ ಸಂಜೆ ತಾನೇ ಎದ್ದು ಪಾತ್ರೆ ತೊಳೆದಳು. ತೊಳೆದವನ್ನೇ ಮತ್ತೆ ತೊಳೆದಳು. ನನಗೆ ಅರ್ಥವಾಯಿತು. ಆದರೆ ಅತ್ತೆ ಮಾತ್ರ "ಹುಡ್ಗ ನೋಡಾಕೆ ಚೆಂದಾಗವ್ನೆ, ಗುಣ ನೋಡ್ಬೇಕಲ್ಲ" ಎಂದು ಒಪ್ಪಿಗೆಯನ್ನು ಎರಡನೆಯ ಭೇಟಿಗೆ ಮುಂದೂಡಿದರು.

ಎರಡನೆಯ ಸಲ ಬರುವಾಗ ಮಂಜುನಾಥ ಹಣ್ಣು ಹೂವಿನ ಜೊತೆ ಇವರಿಗಾಗಿ ಒಂದು ಪೊಟ್ಟಣ ತಂದ. ಮೊದಲ ಭೇಟಿಯಲ್ಲಿ ಇಬ್ಬರೂ ಹೆಣ್ಣು ನೋಡುವ ಶಾಸ್ತ್ರ ಮರೆತು ಅರ್ಧ ಗಂಟೆ ಬೌಲಿಂಗಿನ ಬಗ್ಗೆಯೇ ಮಾತಾಡಿದ್ದರಲ್ಲ, ಅದರ ಫಲ. ಬಿಚ್ಚಿದರೆ ಅಸಲಿ ಜೆರ್ಸಿ! ಇವರ ಕಣ್ಣು ತುಂಬಿ ಬಂತು. ನಮ್ಮ ಮದುವೆಯ ದಿನವೂ ಹೀಗೆ ತುಂಬಿರಲಿಲ್ಲ, ಅದಿರಲಿ. ಹೋಲಿಸಿ ನೋಡಬೇಕೆಂದು ಒಳಗೆ ಓಡಿ ತಮ್ಮ ಫಸ್ಟ್ ಕಾಪಿಯನ್ನೂ ತಂದು ದಿವಾನದ ಮೇಲೆ ಪಕ್ಕಪಕ್ಕದಲ್ಲಿ ಹರಡಿದರು.

ಅನಾಹುತ ಶುರುವಾದದ್ದು ಹುಡುಗನ ತಾಯಿಯಿಂದ. ಮುಗ್ಧೆ, ಪಾಪ. "ನೋಡ್ರಮ್ಮ, ಒಂದ್ ಬನೀನ್ಗೆ ಮೂರ್ ಸಾವ್ರ ಕೊಟ್ಟವ್ನೆ ನಮ್ಮೋನು! ಮೂರ್ ಸಾವ್ರಕ್ಕೆ ಒಂದ್ ತಿಂಗ್ಳು ಬೂಸಾ ಬತ್ತಿತ್ತು."

ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ಮೂರ್ ಸಾವ್ರನಾ? ಎಲ್ಲಿ, ಬೆಂಕಿಪೊಟ್ಣ ತಾರಮ್ಮ."

ಪೊಟ್ಟಣ ಸಿಗಲಿಲ್ಲವೆಂದು ಹೇಳಿ ನೋಡಿದೆ. ಕೈಚೀಲದ ಸಂಗತಿ ನಿಮಗೆ ಆಗಲೇ ಹೇಳಿದ್ದೇನೆ.

ಎರಡು ಜೆರ್ಸಿಗಳ ಕೆಳ ಅಂಚಿನಿಂದ ಒಂದೊಂದು ನೂಲು ಎಳೆದರು. ಮೊದಲು ಇವರದ್ದು. ಅದು ದೀಪದ ಬತ್ತಿಯ ಹಾಗೆ ಶಾಂತವಾಗಿ ಉರಿದು ನವಿರಾದ ಬೂದಿಯಾಯಿತು. ಹತ್ತಿ. ಅತ್ತೆ ತಲೆದೂಗಿದರು. ಆಮೇಲೆ ಮಂಜುನಾಥನದ್ದು. ಅದು ಬೆಂಕಿ ಕಂಡದ್ದೇ ಬಸವನಹುಳದಂತೆ ಮುದುಡಿ, ಮೂಗಿಗೆ ಅಡರುವ ವಾಸನೆ ಬಿಟ್ಟು, ಸಾಸಿವೆಯಷ್ಟು ಕಪ್ಪು ಗೋಲಿಯಾಗಿ ಅತ್ತೆಯ ಉಗುರಿಗೆ ಅಂಟಿಕೊಂಡಿತು.

ಪಕ್ಕದ ಮನೆಯ ಸೆಲ್ವಿಯಕ್ಕ, ಹೂವು ಕೊಡುವ ನೆಪದಲ್ಲಿ ಬಂದು ನಿಂತಿದ್ದವರು, "ಅಯ್ಯಯ್ಯೋ, ಡೂಪ್ಲಿಕೇಟಾ!" ಎಂದು ತೀರ್ಪನ್ನು ಬಾಯಿಬಿಟ್ಟು ಹೇಳಿಬಿಟ್ಟರು.

ನಿಜ ಏನೆಂದು ನನಗೆ ಗೊತ್ತಿತ್ತು. ಆಟಗಾರರು ಹಾಕುವ ಅಸಲಿ ಬಟ್ಟೆ ಪಾಲಿಯೆಸ್ಟರೇ. ಬೆವರು ಬೇಗ ಒಣಗಲಿ ಅಂತ. ನಾನು ಜೆರ್ಸಿಯ ಒಳಗಿನ ಚೀಟಿ ಹುಡುಕಿ ತೆಗೆದು, "ಅತ್ತೆ, ಕಂಪನಿಯವರೇ ಬರೆದಿದ್ದಾರೆ ನೋಡಿ, ನೂರಕ್ಕೆ ನೂರು ಪಾಲಿಯೆಸ್ಟರ್" ಎಂದೆ. ಹೆಣ್ಣುಮಕ್ಕಳು ಮೆಲ್ಲಗೆ ಮಾತಾಡಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರ ಫಲ, ಸಾಮಾನ್ಯವಾಗಿ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಅವತ್ತು ದುರದೃಷ್ಟಕ್ಕೆ ಎಲ್ಲರಿಗೂ ಕೇಳಿಸಿತು.

"ನೋಡ್ದಾ!" ಅತ್ತೆ ಗೋಲಿ ಅಂಟಿದ ಬೆರಳನ್ನು ಎತ್ತಿ ಹಿಡಿದರು. "ಪ್ಲಾಸ್ಟಿಕ್ಕು ಅಂತ ಅವ್ರೇ ಬರ್ಕೊಂಡವ್ರೆ! ನಾನೇಳಿದ್ರೆ ನಂಬಲ್ಲ ನೀವು."

ಹುಡುಗನ ತಾಯಿಯ ಮುಖ ಸಣ್ಣಗಾಯಿತು. "ನನ್ ಮಗ ಸುಳ್ ಏಳೋನಲ್ಲಮ್ಮ."

"ಏಳೋನೋ ಅಲ್ವೋ ನಂಗೇನ್ ಗೊತ್ತವ್ವ. ಮುನ್ನೂರ್ದು ತಂದು ಮೂರ್ ಸಾವ್ರ ಅನ್ನೋನು, ನಾಳೆ ಇನ್ನೇನೇನ್ ಅಂತಾನೋ. ಎಣ್ಣು ಕೊಡೋರು ನಾವು."

ಇವರು ಏನೋ ಹೇಳಲು ಬಾಯಿ ತೆರೆದರು. "ನೀ ಸುಮ್ಕಿರ್ಲಾ, ನಿಂದೇ ಒರಿಜಿನಲ್ಲು, ಒಳಗ್ ಮಡೀಕೋ" ಎಂದು ಅತ್ತೆ ಗದರಿದರು. ಫುಟ್‌ಪಾತಿನ ಫಸ್ಟ್ ಕಾಪಿಗೆ ಹೀಗೆ ಪಟ್ಟಾಭಿಷೇಕವಾಯಿತು. ಇವರು ಅದನ್ನು ಎದೆಗೆ ಅವಚಿಕೊಂಡು ಕೂತರು. ಸಂತೋಷ ಪಡಬೇಕೋ ಅಳಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ.

ಮಂಜುನಾಥನ ಕಿವಿ ಕೆಂಪಾಗಿತ್ತು. ಜೇಬಿನಿಂದ ಫೋನ್ ತೆಗೆದ. ಬಿಲ್ಲು ಅದರಲ್ಲಿತ್ತು ಅಂತ ಕಾಣುತ್ತದೆ. ತೋರಿಸಿದ್ದರೆ ಅವನು ಗೆದ್ದೇ ಗೆಲ್ಲುತ್ತಿದ್ದ. ಆಗ ನಾನು ಬಾಗಿಲ ಕಡೆ ನೋಡಿದೆ. ಪರದೆಯ ಸಂದಿಯಲ್ಲಿ ಲತಾ ನಿಂತಿದ್ದಳು. ಅವನನ್ನೇ ನೋಡುತ್ತಾ, ಬೇಡ ಎಂಬಂತೆ ತಲೆಯನ್ನು ಒಂದೇ ಒಂದು ಸಲ, ಜುಮುಕಿ ಕೂಡ ಅಲ್ಲಾಡದಷ್ಟು ಸಣ್ಣದಾಗಿ ಆಡಿಸಿದಳು. ತನ್ನ ತಾಯಿಯನ್ನು ಸೆಲ್ವಿಯಕ್ಕನ ಎದುರು ಸೋಲಿಸಿದವನು ಈ ಮನೆಯ ಅಳಿಯನಾಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮಂಜುನಾಥ ಫೋನನ್ನು ಮತ್ತೆ ಜೇಬಿಗಿಳಿಸಿದ. ಗಂಟಲು ಸರಿಮಾಡಿಕೊಂಡ.

"ಅಮ್ಮಾ, ನೀವೇಳಿದ್ದು ಸರಿ. ನಾನೇ ಮೋಸ ಓದೆ. ಬೆಂಗ್ಳೂರಲ್ಲಿ ಒಬ್ಬ ಒರಿಜಿನಲ್ಲು ಅಂತ ತಲೆಗ್ ಕಟ್ಬಿಟ್ಟ. ನಂಗೆ ಬಟ್ಟೆ ನೋಡಾಕೆ ಬರಲ್ಲ."

ಅತ್ತೆಯ ಮುಖ ಬೆಣ್ಣೆಯಾದದ್ದನ್ನು ನೀವು ನೋಡಬೇಕಿತ್ತು. "ಅಯ್ಯೋ ನನ್ನಪ್ಪನೆ! ಮೊದ್ಲೇ ಏಳಾದಲ್ವಾ! ಆ ಬೆಂಗ್ಳೂರ್ನೋರು ಯಾರ್ನ ಬಿಟ್ಟವ್ರೆ!" ಎಂದು ಅವನ ತಟ್ಟೆಗೆ ಇನ್ನೆರಡು ಒಬ್ಬಟ್ಟು ಹಾಕಿ, ತುಪ್ಪ ಸುರಿದು, ಬೀಗಿತಿಯ ಕಡೆ ತಿರುಗಿದರು. "ಮೋಸ ಮಾಡೋನ್ಗಾದ್ರೆ ಕೊಡಾಕಾಯ್ತಿರ್ಲಿಲ್ಲ ಕಣವ್ವ. ಮೋಸ ಓಗೋನಲ್ವಾ, ಪರ್ವಾಗಿಲ್ಲ. ನಮ್ ಲತಾ ನೋಡ್ಕಂತಾಳೆ."

ಅಲ್ಲಿಗೆ ಮದುವೆ ಗೊತ್ತಾಯಿತು. ಜೀವನದಲ್ಲಿ ಒಮ್ಮೆ ಅಸಲಿ ಕೊಂಡವನು, ನಕಲಿ ಕೊಂಡೆನೆಂದು ಸುಳ್ಳು ಹೇಳಿ, ಸತ್ಯವಂತನೆಂದು ಹೆಣ್ಣು ಪಡೆದ.

ಜೆರ್ಸಿಗಳ ಗತಿ ಕೇಳಿ. ಫಸ್ಟ್ ಕಾಪಿ ನುಸಿಗುಳಿಗೆಯ ಜೊತೆ ಬೀರು ಸೇರಿತು. ದೊಡ್ಡ ಪಂದ್ಯಗಳಿಗೆ ಮಾತ್ರ ಹೊರಗೆ. ಮೊದಲ ಒಗೆತಕ್ಕೇ ಅದು ಬಣ್ಣ ಬಿಟ್ಟು, ಇವರ ಬಿಳಿ ಬನೀನುಗಳೆಲ್ಲ ಗುಲಾಬಿಯಾಗಿ, ಫ್ಯಾಕ್ಟರಿಯಲ್ಲಿ ಅಂಗಿಯ ಮೇಲಿನ ಗುಂಡಿ ಬಿಚ್ಚದೆ ಇವರು ಒಂದು ಬೇಸಿಗೆಯನ್ನೇ ಕಳೆದರು. ಅಕ್ಷರಗಳು ಒಂದೊಂದಾಗಿ ಇಸ್ತ್ರಿಪೆಟ್ಟಿಗೆಗೆ ಅಂಟಿ ಬಂದವು. ಮೂರು ಸಾವಿರದ್ದನ್ನು ಮಾತ್ರ ಯಾರೂ ಹಾಕುವಂತಿರಲಿಲ್ಲ, ಮರ್ಯಾದೆ ಪ್ರಶ್ನೆ. ಕೊನೆಗೆ ಅತ್ತೆಯೇ ಚಳಿಗಾಲದ ಬೆಳಿಗ್ಗೆ ಹಾಲು ತರಲು ಹೋಗುವಾಗ ಸೀರೆಯ ಮೇಲೆ ಸ್ವೆಟರಿನಂತೆ ಹಾಕಿಕೊಳ್ಳತೊಡಗಿದರು. ಬೆನ್ನ ಮೇಲೆ ನಂಬರು, ಕೈಯಲ್ಲಿ ಹಾಲಿಗೆ ಹಿಡಿಕೆಯ ತೂಕುಪಾತ್ರೆ. ಇಷ್ಟು ವರ್ಷವಾದರೂ ಅದರ ಒಂದು ದಾರ ಬಿಟ್ಟಿಲ್ಲ, ಬಣ್ಣ ಮಾಸಿಲ್ಲ. "ಡೂಪ್ಲಿಕೇಟ್ ಆದ್ರೂ ಬಾಳ್ಕೆ ಬಂತು ನೋಡು" ಎಂದು ಪ್ರತಿ ಚಳಿಗಾಲ ಹೇಳುತ್ತಾರೆ. ಬೆಳಿಗ್ಗೆ ನಾನು ಇಸ್ತ್ರಿ ಮಾಡುತ್ತಿದ್ದುದು ಅದನ್ನೇ.

ಮಾಡುತ್ತಾ ಯೋಚಿಸಿದೆ. ಮದುವೆಯಾಗಿ ಇಷ್ಟು ಕಾಲವಾಯಿತು. ಅಳಿಯ ಚಿನ್ನದಂಥವನು. ಸಂಜೆ ಲತಾ, ಮಂಜುನಾಥ ಇಬ್ಬರೂ ಮ್ಯಾಚ್ ನೋಡಲು ಬರುವವರಿದ್ದರು. ಇವತ್ತಾದರೂ ಅತ್ತೆಗೆ ನಿಜ ಹೇಳಿ ಅವನ ತಲೆಯ ಮೇಲಿನ 'ಪೆದ್ದ' ಎಂಬ ಬಿರುದನ್ನು ಇಳಿಸಿಬಿಡಬೇಕು. ಗಟ್ಟಿಯಾಗಿ ಹೇಳಬೇಕು. ಗಂಟಲನ್ನೂ ಒಮ್ಮೆ ಸರಿಮಾಡಿ ನೋಡಿಕೊಂಡೆ.

ಸಂಜೆ ಬಂದರು. ಮಂಜುನಾಥ ಇವರಿಗಾಗಿ ಈ ವರ್ಷದ ಹೊಸ ಜೆರ್ಸಿ ತಂದಿದ್ದ. ಅಸಲಿ. ಬೆಲೆಚೀಟಿಯನ್ನು ಲತಾ ಬಸ್ಸಿನಲ್ಲೇ ಹಲ್ಲಿನಿಂದ ಕಡಿದು ಎಸೆದಳಂತೆ, ನನ್ನ ಕಿವಿಯಲ್ಲಿ ಹೇಳಿದಳು. ಅತ್ತೆ ಬಟ್ಟೆ ಮುಟ್ಟಿ ನೋಡಿ, "ಇದ್ಕೆಷ್ಟು ಕೊಟ್ಟಪ್ಪಾ?" ಎಂದರು.

"ಇನ್ನೂರಮ್ಮ. ಅದೇ ಬೆಂಗ್ಳೂರ್ ಅಂಗ್ಡಿ" ಎಂದ ಅವನು, ರೆಪ್ಪೆ ಹೊಡೆಯದೆ.

"ಈಗ್ ಬುದ್ಧಿ ಬಂತು ನೋಡು ನನ್ ಅಳಿಯಂಗೆ!" ಎಂದು ಅತ್ತೆ ಅವನ ಬೆನ್ನು ಸವರಿದರು. ಅವನು ಫಸ್ಟ್ ಕ್ಲಾಸಿನಲ್ಲಿ ಪಾಸಾದವನಂತೆ ಬೆಳಗುತ್ತಿದ್ದ. ಲತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನನ್ನ ಗಂಟಲಿಗೆ ಬಂದಿದ್ದ ನಿಜ ಅಲ್ಲೇ ತಿರುಗಿ ಒಳಗೆ ಹೋಯಿತು. ಇಷ್ಟು ಜನರ ಸಂತೋಷ ಕೆಡಿಸುವಷ್ಟು ಗಟ್ಟಿ ದನಿ ನನಗಿಲ್ಲ, ಇರುವುದೂ ಬೇಡ.

ಹೆಪ್ಪಿಗೆ ಮೊಸರು ಕೇಳಲು ಬಂದು ಬೆಲೆಯನ್ನೂ ಕೇಳಿಸಿಕೊಂಡಿದ್ದ ಸೆಲ್ವಿಯಕ್ಕ, ಹೊಸ ಜೆರ್ಸಿಯ ತೋಳನ್ನು ಎರಡು ಬೆರಳಲ್ಲಿ ತಿಕ್ಕಿ, ಬಟ್ಟಲು ಹಿಡಿದು ಹೊರಡುತ್ತಾ ಬಾಗಿಲಿನಿಂದ ತಿರುಗಿ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಅಳಿಯನಿಗೆ ಹೇಳಿದರು:

"ಮಾಪ್ಳೆ, ಇನ್ನೂರ್ಕೆ ಬಟ್ಟೆ ಸೂಪರಾಗೈತೆ ಪಾ. ನಮ್ಮ ಬೀದಿ ಪಸಂಗ, ಚಿಕ್ಕ ಹುಡುಗ್ರು, ಟೀಮ್ ಮಾಡವ್ರೆ, ಬರೋ ಭಾನ್ವಾರ ಬರ್ವಾಗ ಹನ್ನೊಂದು ತಂದ್ಬುಡು. ಹನ್ನೊಂದ್ ತಗೊಂಡ್ರೆ ಒಸಿ ಕಮ್ಮಿ ಮಾಡ್ಕೊಡು ಅಂತ ಕೇಳು, ಬುಡ್ಬೇಡ."